ಲೆನ್ಸಿನ ಪಕ್ಕದ ಜಾಗ

ತೊಂಗ್ಯೊಂಗ್
ಏಪ್ರಿಲ್ ೧೧

ಪ್ರೀತಿಯ ಮಗಳು ದಾಸೊಲ್‌ಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೈದುಕೊಳ್ಳಬೇಡ. ಸ್ಟುಡಿಯೋದಲ್ಲಿ ಕೈತುಂಬ ಕೆಲಸವಿತ್ತು ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳು. ಅಂಗಡಿ ಖಾಲಿ ಹೊಡೆಯುತ್ತಿದೆ, ನನ್ನ ಮನಸ್ಸೇ ನೆಟ್ಟಗಿಲ್ಲ. ಸಿಯೋಲ್‌ನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಅಮ್ಮ ಕಳಿಸಿದ ಮೂಲಂಗಿ ಕಿಮ್ಚಿ ಹುಳಿ ಬಂದಿದ್ದರೆ ಎಸೆಯಬೇಡ, ಸಾರಿಗೆ ಹಾಕು.

"ನಿನ್ನ ಚಿತ್ರದಲ್ಲಿ ಬೆಳಕಿದೆ, ಮನುಷ್ಯರಿಲ್ಲ" ಎಂದು ನಿಮ್ಮ ಮೇಷ್ಟ್ರು ಎಲ್ಲರೆದುರು ಹೇಳಿದರೆಂದೂ, ಇನ್ನು ಈ ವಿಡಿಯೋ ಕಲಿಕೆಯೇ ಬೇಡವೆಂದೂ ಬರೆದಿದ್ದೀಯ. ಹೋಗೇ ಹುಚ್ಚಿ! ಬೈಸಿಕೊಳ್ಳದೆ ಕ್ಯಾಮೆರಾ ಹಿಡಿದವರು ಯಾರಿದ್ದಾರೆ? ನಾಲ್ಕು ಗುಟ್ಟು ಹೇಳಿಕೊಡು ಎಂದು ಕೇಳಿದ್ದೀಯ. ಗುಟ್ಟೇನೂ ಇಲ್ಲ. ದೀಪ ಕಡಿಮೆ ಮಾಡು, ಕಿಟಕಿಯ ಪಕ್ಕ ಕೂರಿಸು. ನಗಿ ಎಂದು ಯಾರಿಗೂ ಹೇಳಬೇಡ. ಹೇಳಿದರೆ ಹಲ್ಲು ಕಾಣುತ್ತದೆ, ನಗು ಕಾಣುವುದಿಲ್ಲ. ಮುಗೀತು ಎಂದ ಮೇಲೂ ಕ್ಯಾಮೆರಾ ಓಡುತ್ತಿರಲಿ. ಅಬ್ಬಾ ಎಂದು ಹೆಗಲು ಇಳಿಸಿ ಉಸಿರು ಬಿಡುತ್ತಾರಲ್ಲ, ಮನುಷ್ಯರು ಹೊರಗೆ ಬರುವುದು ಆಗ. ಉಳಿದದ್ದನ್ನು ನಿಮ್ಮಮ್ಮನಿಂದ ಕಲಿ.

ತಮಾಷೆಗೆ ಹೇಳುತ್ತಿಲ್ಲ. ಹದಿನೈದು ದಿನದ ಹಿಂದೆ ಬಂದರಿನಾಚೆಯ ದ್ವೀಪಕ್ಕೆ ಹೋಗಿದ್ದೆವು, ಪ್ರತಿ ವಸಂತದಂತೆ ಅಲ್ಲಿನ ಹಿರಿಯರಿಗೆ ದೀರ್ಘಾಯುಷ್ಯದ ಫೋಟೊ ತೆಗೆದುಕೊಡಲು. ಹೆಸರೇನೋ ದೀರ್ಘಾಯುಷ್ಯ, ಸತ್ತ ದಿನ ಹೂವಿನ ನಡುವೆ ಇಡುವ ಫೋಟೊ ಅದೇ ಎಂದು ಎಲ್ಲರಿಗೂ ಗೊತ್ತು. ಗಟ್ಟಿಯಾಗಿರುವಾಗಲೇ ತೆಗೆಸಿಟ್ಟರೆ ಆಯಸ್ಸು ಹೆಚ್ಚುತ್ತದೆ ಎಂಬ ನಂಬಿಕೆ ಬೇರೆ. ಎಲ್ಲ ಅಜ್ಜಿಯರಿಗೂ ಹಬ್ಬಕ್ಕೆ ತೊಡುವಂಥ, ನಮ್ಮ ಸ್ಟುಡಿಯೋದ ಅದೇ ಹಳೆಯ ಗುಲಾಬಿ ಹನ್‌ಬೊಕ್ ಮೇಲಂಗಿ. ಬೆನ್ನ ಹಿಂದೆ ಪಿನ್ನು ಚುಚ್ಚಿ ನಿಮ್ಮಮ್ಮ ಒಬ್ಬೊಬ್ಬರ ಅಳತೆಗೂ ತರುತ್ತಾಳೆ.

ಒಣಮೀನು ಮಾರುವ ಬಾಕ್ ಅಜ್ಜಿ ಕೂತವಳೇ ಶುರು ಮಾಡಿದಳು: "ಲೇ ಮುನ್, ಈ ಸುಕ್ಕೆಲ್ಲಾ ಅಳಿಸ್ಬಿಡಪ್ಪ. ನಮ್ ಯಜಮಾನ್ರು ಹರೇದಲ್ಲೇ ಹೋದೋರು. ಈ ಮುಖ ಹೊತ್ಕೊಂಡು ಅಲ್ಲಿಗ್ ಹೋದ್ರೆ ಅವ್ರಿಗೆ ಗುರ್ತು ಸಿಗ್ಬೇಕಲ್ಲ!"

ನಿಮ್ಮಮ್ಮ ಬಿಡುತ್ತಾಳೆಯೇ? "ಮುಖ ಯಾಕ್ ಬೇಕಜ್ಜಿ? ಬಾಗ್ಲಲ್ಲೇ ನಿಂತು ಒಂದ್ಸಲ ಬೈರಿ. ಗುರ್ತು ಸಿಕ್ಕಿ ಓಡ್ಬರ್ತಾರೆ."

"ಥೂ, ನಿನ್ ಬಾಯಿಗ್ ಮಣ್ ಹಾಕ!" ಎಂದು ಅಜ್ಜಿ ಬಿದ್ದು ಬಿದ್ದು ನಕ್ಕಳು. ನಾನು ಬಟನ್ ಒತ್ತಿದೆ.

ಇದನ್ನು ಗಮನವಿಟ್ಟು ಓದು. ಅಜ್ಜಿ ನೋಡಿದ್ದು ಲೆನ್ಸನ್ನಲ್ಲ. ನಿಮ್ಮಮ್ಮ ಯಾವಾಗಲೂ ಲೆನ್ಸಿನ ಪಕ್ಕದಲ್ಲೇ, ನನ್ನ ಭುಜಕ್ಕೆ ತಾಗಿ ನಿಲ್ಲುತ್ತಾಳೆ. ನನ್ನ ಕೈಯಿಂದ ಒಳ್ಳೆಯ ಫೋಟೊ ಅಂತ ಬಂದಿರುವುದೆಲ್ಲ ಅವಳನ್ನು ನೋಡುತ್ತಿರುವ ಮುಖಗಳೇ. ಊರವರು ಅದನ್ನು ಮುನ್‌ನ ಕೈಗುಣ ಅನ್ನುತ್ತಾರೆ, ನಾನೂ ಸುಮ್ಮನೆ ತಲೆಯಾಡಿಸುತ್ತೇನೆ. ನಿನ್ನ ಚಿತ್ರದಲ್ಲಿರುವವರು ಯಾರನ್ನು ನೋಡುತ್ತಿದ್ದಾರೆ? ಮೊದಲು ಅದನ್ನು ಕೇಳಿಕೋ.

ಅವತ್ತು ಒಂದು ಫೋಟೊ ಮಾತ್ರ ನನ್ನಿಂದ ತೆಗೆಯಲಾಗಲಿಲ್ಲ. ಈ ಪತ್ರ ತಡವಾದದ್ದು ಆ ಸಂಕಟಕ್ಕೇ. ಅದನ್ನು ನಿನಗೆ ಬರೆಯಕೂಡದು ಎಂದು ನಿಮ್ಮಮ್ಮನ ಕಟ್ಟಪ್ಪಣೆಯಾಗಿದೆ.

ಕಲಿಕೆ ಬಿಡಬೇಡ, ಮಗಳೇ. ನಿನ್ನ ಕಣ್ಣಿಗೂ ಕೈಗೂ ಒಳ್ಳೆಯದಾಗಲಿ. ಚಳಿ ಇನ್ನೂ ಹೋಗಿಲ್ಲ, ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಪ್ಪ,
ಮುನ್ ಹಾಕ್ಸು

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಅವಳು ಬೈದರೆ ಬೈಯಲಿ.

ಅಜ್ಜಿಯರೆಲ್ಲ ಊಟಕ್ಕೆ ಎದ್ದುಹೋದ ಮೇಲೆ ನಿಮ್ಮಮ್ಮ ಆ ಗುಲಾಬಿ ಮೇಲಂಗಿ ತೊಟ್ಟು ತಾನೇ ಸ್ಟೂಲಿನ ಮೇಲೆ ಕೂತಳು. "ರೀ, ನಂದೂ ಒಂದ್ ತೆಗೀರಿ" ಅಂದಳು. "ಅರವತ್ತು ತುಂಬದೋಳಿಗೆ ಇದೆಂಥ ಹುಚ್ಚಾಟನೇ, ಏಳು" ಎಂದು ಗದರಿದೆ. ಅವಳು ಏಳಲಿಲ್ಲ. ಹೋಗಲಿ ಎಂದು ಬೆನ್ನಿಗೆ ಪಿನ್ನು ಚುಚ್ಚಲು ಹೋದೆ, ಬಾಕ್ ಅಜ್ಜಿಗಿಂತ ಹೆಚ್ಚು ಸಡಿಲ ಬಟ್ಟೆ ಕೈಗೆ ಬಂತು. ಅಷ್ಟು ಇಳಿದುಹೋಗಿದ್ದಾಳೆ, ದಾಸೊಲ್. ಒಂದೇ ಮನೆಯಲ್ಲಿದ್ದೂ ನನಗೆ ಕಂಡಿರಲಿಲ್ಲ.

ತನ್ನ ಅಕ್ಕನ ಮನೆಗೆಂದು ಬೂಸಾನಿಗೆ ಹೋಗಿದ್ದಳಲ್ಲ, ಅದು ಆಸ್ಪತ್ರೆಗಂತೆ. "ಹೊಟ್ಟೇಲಿ ಗಡ್ಡೆ, ಆಗ್ಲೇ ಹರಡಿದ್ಯಂತೆ. ದಾಸೊಲ್ ಪರೀಕ್ಷೆ ಮುಗಿಯೋವರ್ಗೂ ಅವ್ಳಿಗೆ ಹೇಳ್ಬೇಡಿ" ಅಂದಳು. ನಾನು ಕ್ಯಾಮೆರಾದ ಹಿಂದೆ ಹೋಗಿ ನಿಂತೆ. ಅವಳು ಲೆನ್ಸನ್ನು ನೋಡಿದಳು, ಅದರ ಪಕ್ಕದ ಖಾಲಿ ಜಾಗವನ್ನು ನೋಡಿದಳು. "ನಾನ್ ಯಾರನ್ ನೋಡ್ಲಿ?" ಅಂದಳು.

ನನ್ನನ್ನೇ ನೋಡು ಎನ್ನೋಣವೆಂದರೆ ನನ್ನ ಮುಖ ನೋಡುವ ಹಾಗಿರಲಿಲ್ಲ.

ಶನಿವಾರದ ಬಸ್ಸಿಗೆ ಬಾ, ತಾಯಿ. ಕ್ಯಾಮೆರಾ ತರಬೇಡ, ಅದು ನನ್ನ ಹತ್ತಿರ ಇದೆ. ನನ್ನ ಭುಜಕ್ಕೆ ತಾಗಿ ನಿಂತುಕೋ, ಸಾಕು.