ಸೊಪ್ಪಿನ ರಾಶಿಯ ಮೇಲೆ ಮಲಗಿದ್ದ ಸುಬ್ಬಿ

ಕೆಂಚಾರ್ಲಹಳ್ಳಿ
ಚಿಂತಾಮಣಿ ತಾಲ್ಲೂಕು
27-3-2004, ಶನಿವಾರ

ಪ್ರೀತಿಯ ರಾಧಕ್ಕನಿಗೆ ನಿನ್ನ ತಂಗಿ ರೂಪ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ ಎಂದು ಬರೆಯಬೇಕಾದ ಜಾಗ ಇದು. ಬರೆಯಲು ಕೈ ಬರುತ್ತಿಲ್ಲ ಅಕ್ಕ. ಈ ಪತ್ರವನ್ನು ಭಾವನ ಮುಂದೆ ಓದಬೇಡ, ಓದಿದ ಮೇಲೆ ಒಲೆಗೆ ಹಾಕು. ಫೋನು ಮಾಡೋಣವೆಂದರೆ ಅಂಗಡಿಯ ಕಾಯಿನ್ ಬಾಕ್ಸಿನ ಮುಂದೆ ಅರ್ಧ ಊರು ಕೂತಿರುತ್ತದೆ. ಬಾಯಿಬಡುಕಿ ಎಂದು ಅಮ್ಮ ನನ್ನನ್ನು ಬೈಯುತ್ತಿದ್ದಳಲ್ಲ, ಈಗ ಬಂದು ನೋಡಬೇಕಿತ್ತು, ಬಾಯಿಗೆ ಬೀಗ ಬಿದ್ದಿದೆ.

ಅಮ್ಮನ ಬೆಕ್ಕು ಸುಬ್ಬಿಯಿಂದಲೇ ಶುರುವಾಯಿತು. ಅಮ್ಮ ತೀರಿಕೊಂಡ ಮೇಲೆ, ಗೌರಿಬಿದನೂರಿನ ನಿನ್ನ ಬಾಡಿಗೆ ಮನೆಯಲ್ಲಿ ಬೆಕ್ಕು ಇಟ್ಟುಕೊಳ್ಳಲು ಬಿಡುವುದಿಲ್ಲವೆಂದು ನನಗೆ ಕೊಟ್ಟೆಯಲ್ಲ, ಅದಕ್ಕೀಗ ಹದಿಮೂರು ವರ್ಷ ವಯಸ್ಸು. ಸಂಕ್ರಾಂತಿ ಕಳೆದ ಮೇಲೆ ಬಾಲದ ಬುಡದಲ್ಲಿ ಒಂದು ರೂಪಾಯಿಯಷ್ಟು ಅಗಲ ಕೂದಲು ಹೋಗಿತ್ತು. ಆಮೇಲೆ ತೊಡೆ, ಆಮೇಲೆ ಹೊಟ್ಟೆ. ಗಾಯವಿಲ್ಲ, ಕಜ್ಜಿಯಿಲ್ಲ, ಬರೀ ಬೋಳು ಚರ್ಮ. ಬೆಳಿಗ್ಗೆ ಎದ್ದು ಅದರ ಮೈ ನೋಡಲು ನನಗೆ ಹೆದರಿಕೆಯಾಗುತ್ತಿತ್ತು. ಚಿಂತಾಮಣಿಯ ದನದ ಆಸ್ಪತ್ರೆಗೆ ಕರೆದುಕೊಂಡು ಹೋಗೋಣವೆಂದರೆ, "ಬೆಕ್ಕಿಗೂ ಬಸ್ಸಲ್ಲಿ ಟಿಕೆಟ್ ತಗೊಳ್ಳೇನೇ?" ಎಂದು ನಮ್ಮವರು ನಕ್ಕರು. ಎದುರುಮನೆಯ ಶ್ಯಾಮಲಮ್ಮ ಹುಳುಕಡ್ಡಿ, ಅಂಟುರೋಗ ಎಂದರು. ಅಷ್ಟು ಸಾಕಾಯಿತು ಅತ್ತೆಗೆ. "ಮನೆ ತುಂಬ ರೇಷ್ಮೆ ಹುಳ ಇಟ್ಕೊಂಡಿದ್ದೀವಿ. ಇನ್ನೊಂದು ಕಡೆ ಕೂದ್ಲು ಉದುರ್ಲಿ, ಗೋಣಿಚೀಲಕ್ಕೆ ಹಾಕಿ ಕೆರೆ ಆಚೆ ಬಿಟ್ಟು ಬರಿಸ್ತೀನಿ" ಎಂದರು. ಅತ್ತೆ ಹೇಳಿದರೆ ಮಾಡುವವರು.

ಅಮ್ಮನ ಮಡಿಲಲ್ಲಿ ಮಲಗಿದ್ದ ಜೀವ ಅದೊಂದೇ ನನ್ನ ಹತ್ತಿರ ಉಳಿದಿರುವುದು. ಅದಕ್ಕೇ ನಿನಗೆ ಹಾಗೆ ಅಳುತ್ತ ಬರೆದೆ. ನೀನು ಯುಗಾದಿ ಸೀರೆಯ ಮಡಿಕೆಯೊಳಗೆ ಪುಡಿಯ ಪೊಟ್ಟಣ ಇಟ್ಟು ಕಳಿಸಿದೆ, ನಿಮ್ಮ ಓನರ್ ಮನೆಯ ನಾಯಿಗೆ ಚಿಗಟ ಹೋಗಲು ಹಾಕುವುದು, ಹಾಕಿ ನೋಡು ಎಂದು. ನಿನ್ನದು ತಪ್ಪಿಲ್ಲ ಅಕ್ಕ. ರೇಷ್ಮೆ ಮನೆಯ ಕಟ್ಟುಪಾಡು ನಿನಗೇನು ಗೊತ್ತು? ನನಗೆ ಗೊತ್ತಿತ್ತು.

ಇಲ್ಲಿ ಸೊಳ್ಳೆಬತ್ತಿಯನ್ನೂ ಹಚ್ಚುವುದಿಲ್ಲ. ಕೈಕಾಲು ತೊಳೆಯದೆ ಹುಳುವಿನ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಮದುವೆಯಾಗಿ ಬಂದ ಮರುದಿನ ನಾನು ಮುಖಕ್ಕೆ ಪೌಡರ್ ಹಾಕಿಕೊಂಡು ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ಮುಟ್ಟಲು ಹೋದೆನೆಂದು ಅತ್ತೆ ಮತ್ತೆ ತಲೆಗೆ ನೀರು ಹಾಕಿಸಿದರು. ಅಂಥ ಮೂಗು ಅವರದು. ಕೀಟದ ಔಷಧಿಯ ಗಾಳಿ ಸೋಕಿದರೂ ಹುಳು ಉಳಿಯುವುದಿಲ್ಲ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಹಾಗಿದ್ದೂ ಮಾಡಿದೆ. ಸುಬ್ಬಿಯ ಮೈಯೆಲ್ಲ ಹುಡುಕಿದೆ, ಒಂದೇ ಒಂದು ಚಿಗಟ ಸಿಗಲಿಲ್ಲ. ಆದರೂ ಏನಾದರೂ ಮಾಡದಿದ್ದರೆ ಗೋಣಿಚೀಲವೇ ಗತಿ ಎಂಬ ಭಯ.

ಮಂಗಳವಾರ ಎಲ್ಲರೂ ತೋಟದಲ್ಲಿದ್ದಾಗ ಕೊಟ್ಟಿಗೆಯ ಹಿಂದೆ ಪುಡಿ ಹಚ್ಚಿ, ಸುಬ್ಬಿಯನ್ನು ಹಗ್ಗದಿಂದ ಕಟ್ಟಿ, ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಬುಧವಾರ ಬೆಳಿಗ್ಗೆ ಬಂದರೆ ಹಗ್ಗ ಮಾತ್ರ ಇತ್ತು. ಬೇಸಿಗೆಯ ಸೆಕೆಗೆ ಅದು ತಂಪು ಹುಡುಕಿಕೊಂಡು ಹೋಗಿ, ಒದ್ದೆ ಗೋಣಿ ಹೊದಿಸಿದ್ದ ಸೊಪ್ಪಿನ ರಾಶಿಯೊಳಗೆ ನುಗ್ಗಿ ಮಲಗಿತ್ತು. ಬೆಕ್ಕನ್ನು ಎತ್ತಿ ಹೊರಗೆ ಹಾಕಿ, ಅದು ಮಲಗಿದ್ದ ಕಡೆಯ ಎರಡು ತಬ್ಬು ಸೊಪ್ಪನ್ನು ತಿಪ್ಪೆಗೆ ಎಸೆದೆ. ಅಷ್ಟರಲ್ಲಿ ಅತ್ತೆ ಕೂಗಿದರು. ಉಳಿದ ಸೊಪ್ಪನ್ನು ನಾನೇ, ಈ ಕೈಯಾರೆ, ಕಿಟಕಿ ಕಡೆಯ ಹುಳುವಿನ ತಟ್ಟೆಗಳಿಗೆ ಹಾಕಿದೆ.

ನಾಲ್ಕನೇ ಜ್ವರ ಎದ್ದ, ಎಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳುಗಳು ಅಕ್ಕ, ಇನ್ನು ಮೂರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದವು. ಮಧ್ಯಾಹ್ನ ನೋಡಿದರೆ ತಲೆ ಎತ್ತಿ ಎತ್ತಿ ಆಡಿಸುತ್ತ ಹಸಿರು ನೀರು ಕಕ್ಕುತ್ತಿದ್ದವು. ಸಂಜೆಗೆ ಆ ಸಾಲು ಪೂರ್ತಿ ಸತ್ತಿತ್ತು. ಸುಬ್ಬಿಯೂ ಜೊಲ್ಲು ಸುರಿಸುತ್ತ ನಡುಗುತ್ತಿತ್ತು, ಆಮೇಲೆ ಎಲ್ಲಿಗೋ ಹೋಗಿ ಕತ್ತಲಾಗುವ ಹೊತ್ತಿಗೆ ಮೈಯೆಲ್ಲ ಒದ್ದೆ ಮಾಡಿಕೊಂಡು ಬಂತು. ಯಾವ ತೊಟ್ಟಿಗೆ ಬಿದ್ದಿತ್ತೋ, ಗುರುವಾರ ಬೆಳಿಗ್ಗೆ ನಡುಕ ನಿಂತಿತ್ತು.

ಈಗ ಕೇಳು, ನನ್ನ ಪ್ರಾಣ ಹಿಂಡುತ್ತಿರುವುದು ಇದು. ನಮ್ಮ ಸೊಪ್ಪಿನ ತೋಟಕ್ಕೆ ಅಂಟಿಕೊಂಡೇ ಗಂಗುಲಪ್ಪ ತಾತನ ಟೊಮೊಟೊ ತೋಟವಿದೆ. ಎಪ್ಪತ್ತರ ಒಂಟಿ ಜೀವ. ಅವರು ಮಂಗಳವಾರ ಸಂಜೆ ಗಿಡಕ್ಕೆ ಔಷಧಿ ಹೊಡೆದಿದ್ದರಂತೆ. ನಮ್ಮವರು ನೆಟ್ಟಗೆ ಅವರ ಮನೆಗೆ ಹೋಗಿ, ವಯಸ್ಸೂ ನೋಡದೆ ಏಕವಚನದಲ್ಲಿ ಬೈದು ಬಂದರು. ತಾತ, "ಗಾಳಿ ನಿಮ್ ಕಡೆ ಇರ್ಲಿಲ್ಲಪ್ಪ" ಎಂದರಂತೆ. ಊರವರು ಸೇರಿ, ನಾಳೆ ಭಾನುವಾರ ಬೆಳಿಗ್ಗೆ ಆಂಜನೇಯನ ಗುಡಿಯ ಮುಂದೆ ತಾತ ಕರ್ಪೂರ ಹಚ್ಚಿ, ತನ್ನ ಔಷಧಿಯಿಂದ ಹುಳು ಸಾಯಲಿಲ್ಲವೆಂದು ಆಣೆ ಮಾಡಲಿ ಎಂದು ತೀರ್ಮಾನಿಸಿದ್ದಾರೆ. ನಿನ್ನೆ ನೀರು ತರುವಾಗ ತಾತ ಎದುರಾದರು. ನನ್ನನ್ನು ನೋಡಿ ತಲೆ ತಗ್ಗಿಸಿಕೊಂಡು ಹೋದರು. ತಪ್ಪು ಮಾಡಿದವಳು ನಾನು, ತಲೆ ತಗ್ಗಿಸಿದವರು ಅವರು!

ಹೇಳಿದರೆ ಸುಬ್ಬಿ ಉಳಿಯುವುದಿಲ್ಲ. ನಾನು ಈ ಮನೆಯಲ್ಲಿ ಯಾವ ಮುಖ ಹೊತ್ತು ಇರಲಿ? "ತವರಿನ ಬೆಕ್ಕು, ತವರಿನ ವಿಷ" ಎಂದು ನಿನ್ನನ್ನೂ ಸೇರಿಸಿ ಆಡಿಕೊಳ್ಳುತ್ತಾರೆ. ಹೇಗೂ ತಾತ ತಪ್ಪು ಮಾಡಿಲ್ಲ, ಆಣೆ ಮಾಡಿದರೆ ದೇವರು ಅವರಿಗೇನೂ ಮಾಡುವುದಿಲ್ಲ, ಅಲ್ಲವಾ? ಹೀಗೆಂದು ನನಗೆ ನಾನೇ ನೂರು ಸಲ ಹೇಳಿಕೊಂಡಿದ್ದೇನೆ. ನಾನು ಸುಮ್ಮನಿರುತ್ತೇನೆ. ನೀನೂ ಸುಮ್ಮನಿರು. ನಿನ್ನ ಕಾಲಿಗೆ ಬೀಳುತ್ತೇನೆ.

ಇಂತಿ,
ಭಯದಲ್ಲಿ ಬೇಯುತ್ತಿರುವ ನಿನ್ನ ತಂಗಿ
ರೂಪ

ಮತ್ತೆ ಬರೆದದ್ದು, ಭಾನುವಾರ ಮಧ್ಯಾಹ್ನ:

ಅಕ್ಕ, ಇದನ್ನು ಇನ್ನೂ ಡಬ್ಬಿಗೆ ಹಾಕಿರಲಿಲ್ಲ. ಬೆಳಿಗ್ಗೆ ಗುಡಿಗೆ ಹೋಗಬಾರದೆಂದಿದ್ದೆ, ಕಾಲು ಕೇಳಲಿಲ್ಲ. ಹೆಂಗಸರ ಹಿಂದೆ ನಿಂತೆ. ತಾತನ ಕೈಗೆ ಕರ್ಪೂರದ ತಟ್ಟೆ ಕೊಟ್ಟರು. ಅವರು ಬಾಯಿ ತೆರೆದರು. ಅಷ್ಟರಲ್ಲಿ, "ತಾತ, ಹಚ್ಚಬೇಡಿ, ಹುಳ ಸಾಯ್ಸಿದ್ದು ನಾನು" ಎಂದು ಯಾರೋ ಕಿರುಚಿದರು. ನಾನೇ ಕಿರುಚಿದ್ದು. ಎಲ್ಲ ಹೇಳಿಬಿಟ್ಟೆ. ಪುಡಿ ಮಾತ್ರ ಚಿಂತಾಮಣಿಯಲ್ಲಿ ಕೊಂಡೆ ಎಂದೆ, ನಿನ್ನ ಹೆಸರು ಎತ್ತಲಿಲ್ಲ.

ನಮ್ಮವರು ಇದುವರೆಗೂ ನನ್ನ ಕಡೆ ತಿರುಗಿಲ್ಲ. ಅತ್ತೆ ಮನೆಗೆ ಬಂದ ಮೇಲೆ ಹೇಳಿದ್ದು ಕೇಳು. "ನನ್ನ ಮೂಗು ಸತ್ತಿಲ್ಲ ಕಣೇ. ಬುಧವಾರನೇ ಬೆಕ್ಕಿನ ಮೈಯಲ್ಲಿ ವಾಸ್ನೆ ಹಿಡ್ದೆ. ಸೀಗೆಪುಡಿ ಹಾಕಿ ಅದನ್ನ ತೊಳ್ದೋಳು ನಾನೇ. ಗಂಗುಲಪ್ಪ ಆಣೆ ಮಾಡಿ ಹೋಗಿದ್ರೆ ಮನೆ ಮರ್ಯಾದೆ ಉಳೀತಿತ್ತು. ಬಾಯ್ಮುಚ್ಕೊಂಡು ಇರಕ್ಕಾಗ್ಲಿಲ್ವಾ ನಿಂಗೆ?" ನಾಲ್ಕು ದಿನ ಅವರ ಎದುರಿಗೇ ಕೂತು ಉಂಡಿದ್ದೇನೆ ಅಕ್ಕ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

ಆಮೇಲೆ ಅತ್ತೆ ಅಟ್ಟದಿಂದ ಗೋಣಿಚೀಲ ಇಳಿಸಿದರು. ನಾನು ಸುಬ್ಬಿಯನ್ನು ಅವುಚಿಕೊಂಡು ಮೂಲೆ ಸೇರಿದೆ. ಆಗ ಬಾಗಿಲಲ್ಲಿ ಗಂಗುಲಪ್ಪ ತಾತ ಬಂದು ನಿಂತರು. ಒಳಗೆ ಬರಲಿಲ್ಲ, ಬೆಕ್ಕನ್ನು ಇತ್ತ ಕೊಡು ಎಂದು ಕೈ ಚಾಚಿದರು. ಸೊಂಟದ ಹತ್ತಿರ ಮೆಲ್ಲಗೆ ಒತ್ತಿದರು, ಸುಬ್ಬಿ ಚೀರಿತು. "ಇದಕ್ಕೆ ಚಿಗಟನೂ ಇಲ್ಲ, ಹುಳುಕಡ್ಡಿನೂ ಇಲ್ಲಮ್ಮ. ವಯಸ್ಸಾಗೈತೆ, ಸೊಂಟ ನೋಯ್ತೈತೆ. ನೋವಿರೋ ಕಡೆ ನೆಕ್ಕಿ ನೆಕ್ಕಿ ಕೂದ್ಲು ಕಿತ್ಕೊಂಡೈತೆ. ನಮ್ಮ ಮುದಿ ಎತ್ತೂ ಹಿಂಗೇ ಮಾಡ್ತಿತ್ತು. ನಮ್ಮನೇಲಿರ್ಲಿ ಬಿಡಿ, ನಂಗೇನು ಹುಳ ಇಲ್ಲ, ಪಳ ಇಲ್ಲ" ಎಂದು ಟವೆಲ್ಲಿನಲ್ಲಿ ಸುತ್ತಿಕೊಂಡರು. ಅತ್ತೆ ಚೀಲ ಹಿಡಿದುಕೊಂಡು ಹಾಗೇ ನಿಂತಿದ್ದರು.

ನಾನು ತಾತನ ಕಾಲು ಹಿಡಿದು, ನನ್ನಿಂದ ನಿಮಗೆ ಗುಡಿಯ ಮುಂದೆ ಅವಮಾನವಾಯಿತು ಎಂದು ಅತ್ತುಬಿಟ್ಟೆ. ಅದಕ್ಕೆ ಅವರು ಹೇಳಿದ್ದು ಇಷ್ಟು: "ಪೋನೀಲೇಮ್ಮ, ಹೋಗ್ಲಿ ಬಿಡು, ಏಳು. ನಾನು ಆಣೆ ಮಾಡೋನಲ್ಲ. ಗಾಳಿ ಯಾವಾಗ ಎತ್ತ ತಿರುಗ್ತೋ, ಕಂಡೋರು ಯಾರು? ದೇವರ ಮುಂದೆ ಹೆಂಗೆ ಹೇಳ್ಲಿ? ಹೂಂ, ನಾನೇ ಸಾಯ್ಸಿದ್ದು ಅಂತ ಒಪ್ಕಂಡ್ಬಿಡಾಣ ಅಂತ ಬಾಯಿ ತೆರ್ದಿದ್ದೆ, ಅಷ್ಟ್ರಲ್ಲಿ ನೀನು ಕೂಗ್ದೆ."