ಕಣ್ಣು ಬಿಡುವ ದೃಶ್ಯ

ಭಾನುವಾರ, ಬೆಳಿಗ್ಗೆ

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯೇ? ನಿನ್ನ ಕಾಗದ ಬಂದು ಎಷ್ಟೋ ದಿನವಾಯ್ತು, ಉತ್ತರ ಬರೆಯಲಿಲ್ಲ ಅಂತ ಮುನಿಸ್ಕೋಬೇಡ. ಇಡೀ ದಿನ ಮಲಗಿರೋಳಿಗೆ ಪುರುಸೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ ಹೇಳು!

ಹೂಂ, ಧಾರಾವಾಹಿಯಲ್ಲಿ ನಾನಿನ್ನೂ ಕೋಮಾದಲ್ಲೇ ಇದ್ದೀನಿ. ಮುಖಕ್ಕೆಲ್ಲ ಬ್ಯಾಂಡೇಜು, ಇಣುಕೋ ಕೂದಲಿಗೆ ಬಿಳಿ ಬಣ್ಣ. ದಿಂಬು ಮಲಗಿಸಿ ಹೊದಿಸ್ರಪ್ಪಾ, ನಾನು ಮನೆಗೆ ಹೋಗ್ತೀನಿ ಅಂದ್ರೆ ನಿರ್ದೇಶಕರು ಕೇಳಲ್ಲ. "ಎದೆ ಏರಿಳಿಯೋದು ಕಾಣಬೇಕಮ್ಮಾ" ಅಂತಾರೆ. ಮೊನ್ನೆ ಲೈಟಿನ ಬಿಸಿಗೆ ನಿಜವಾಗ್ಲೂ ನಿದ್ದೆ ಬಂದುಬಿಡ್ತು. ಸೌಂಡ್‌ನವನು ಓಡಿಬಂದು, "ಅಮ್ಮಾ, ಕೋಮಾದಲ್ಲಿರೋರು ಗೊರಕೆ ಹೊಡೆಯಲ್ಲ" ಅಂದ. ನನ್ನ ಮಗನ ಪಾತ್ರದವನು ಎದೆ ಮೇಲೆ ಬಿದ್ದು ಅಳ್ತಾನೆ. ನನಗಿಂತ ಎರಡು ವರ್ಷ ದೊಡ್ಡವನು! ಅವನ ತಲೆಯ ಕಪ್ಪು ನನ್ನ ಹೊದಿಕೆಗೆ ಅಂಟುತ್ತೆ. ನಗು ಬಂದ್ರೂ ನಗೋ ಹಾಗಿಲ್ಲ.

ಬಿಟ್ಟು ಹೋಗೋಣ ಅಂದ್ರೆ ಕರಾರು. ಇದು ಮುಗಿಯೋವರೆಗೆ ಬೇರೆ ಕಡೆ ಮುಖ ತೋರಿಸೋ ಹಾಗಿಲ್ಲ. ಇಲ್ಲಾದ್ರೂ ಎಲ್ಲಿ ತೋರಿಸ್ತಿದ್ದೀನಿ, ಕರ್ಮ! ನಾಟಕದವರು ಒಳ್ಳೇ ಪಾತ್ರಕ್ಕೆ ಕರೆದಿದ್ರು, ಕೈ ಮುಗಿದು ಕಳಿಸಿದೆ. ಒಂದೇ ಆಸೆ ಹಿಡ್ಕೊಂಡು ಬಿದ್ದಿದ್ದೆ ಕಣೇ. ಈ ಹೆಂಗಸು ಒಂದಿನ ಕಣ್ಣು ಬಿಡ್ತಾಳೆ, ಎದ್ದು ಕೂತು ಮನೆಯವರಿಗೆಲ್ಲ ನೀರಿಳಿಸ್ತಾಳೆ. ಆ ದೃಶ್ಯ ನಿಮಗೇ ಅಂತ ನಿರ್ದೇಶಕರು ಮಾತು ಕೊಟ್ಟಿದ್ರು. ಅದರ ಮಾತುಗಳನ್ನ ಬಾಯಿಪಾಠ ಮಾಡಿ, ಮಲಗಿದಲ್ಲೇ ಒಳಗೊಳಗೆ ಹೇಳ್ಕೊಳ್ತಿದ್ದೆ.

ಮುಂದಿನ ವಾರ ಬ್ಯಾಂಡೇಜು ಬಿಚ್ತಾರೆ. ಒಳಗಿರೋದು ನಾನಲ್ವಂತೆ. ವೈದ್ಯರು ಹೊಸ ಮುಖ ಕೊಟ್ರು ಅಂತ ಕಥೆ ತಿರುಗಿಸಿದ್ದಾರೆ. "ತಾಯಿ ಆದ್ರೂ ನೋಡೋಕೆ ಚೆನ್ನಾಗಿರಲಿ ಅಂತ ವಾಹಿನಿಯವರ ಹಠ, ನಾನೇನು ಮಾಡ್ಲಿ?" ಅಂದ್ರು ನಿರ್ದೇಶಕರು, ನೆಲ ನೋಡ್ತಾ. ಬಿಚ್ಚೋವರೆಗೆ ಮಲಗೋಕೆ ಮಾತ್ರ ನಾನೇ ಬೇಕಂತೆ. ಹೊಟ್ಟೆ ಉರಿದುಹೋಯ್ತು. ಆದ್ರೂ ಮಲಗಿದೆ, ಇನ್ನೇನು ಮಾಡ್ಲಿ?

ಹೋಗಲಿ ಬಿಡು. ಹೊತ್ತಿಗೆ ಸರಿಯಾಗಿ ಉಣ್ಣು, ತೆಳ್ಳಗಾಗ್ತೀನಿ ಅಂತ ಉಪವಾಸ ಬೀಳಬೇಡ. ನಿನಗೆ ಒಳ್ಳೇದಾಗಲಿ, ಕಣ್ಣೀರು ಹಾಕೋ ಕಾಲ ಬಾರದಿರಲಿ.

ನಿನ್ನ
ಅಮ್ಮ

ತಾ.ಕ.: ಆ ಹೊಸ ಮುಖ ನಿನ್ನದು ಅಂತ ಮೇಕಪ್‌ನವಳ ಬಾಯಿಂದ ಕೇಳಿದೆ. ನನಗೊಂದು ಮಾತು ಹೇಳಬಾರದಿತ್ತಾ? ನಾಯಕಿ ಪಾತ್ರಕ್ಕೆ ಯಾರೂ ಕರೀತಿಲ್ಲ ಅಂತ ನೀನೇ ಕಾಗದದಲ್ಲಿ ಬರೆದಿದ್ದೆ, ನಿನ್ನ ಕಷ್ಟ ಗೊತ್ತು. ಆದ್ರೂ ನಿನಗಿನ್ನೂ ಮೂವತ್ತಾರು ಕಣೇ. ನಾನೂ ಅದೇ ವಯಸ್ಸಿಗೆ ಒಂದೇ ಒಂದು ಸಲ ಅಂತ ತಲೆಗೆ ಬಿಳಿ ಹಚ್ಚಿಸ್ಕೊಂಡೆ. ಆಮೇಲೆ ಯಾರೂ ತೊಳ್ಕೊಳ್ಳೋಕೆ ಬಿಡಲಿಲ್ಲ. ಆಗಲ್ಲ ಅಂದುಬಿಡು ಪುಟ್ಟೀ. ಇದನ್ನ ನಿನಗೋಸ್ಕರ ಹೇಳ್ತಿದ್ದೀನೋ, ಆ ದೃಶ್ಯ ನನಗೇ ಬೇಕು ಅಂತ ಹೇಳ್ತಿದ್ದೀನೋ, ಆಣೆಗೂ ನನಗೇ ಗೊತ್ತಾಗ್ತಿಲ್ಲ.