ಕೊಪ್ಪಲಿನ ಕಟ್ಟು

ಗೆಳೆಯ ಗೋಪಾಲ,

ನಿಮ್ಮ ದೊಡ್ಡಮನೆಯ ಕಾಗದಗಳೆಲ್ಲ ಮೊನ್ನೆ ಮೈಸೂರಿನ ಪತ್ರಾಗಾರಕ್ಕೆ ಹೋದವು ಕಣೋ. ಎಲ್ಲ ಅಂತ ಬರೆದುಬಿಟ್ಟೆ ನೋಡು... ಎಲ್ಲ ಅಲ್ಲ. ಅದನ್ನ ಹೇಳೋದಕ್ಕೇ ಕೂತಿದ್ದೀನಿ.

ಹೋದ ಬೇಸಿಗೇಲಿ ನೀನು ನನ್ನ ಕರೆಸಿಕೊಂಡಿದ್ದೆ. ಡಯಾಲಿಸಿಸ್ ಮಾಡಿಸಿಕೊಂಡು ಬಂದು ನೀನು ಜಗಲಿ ಮೇಲೆ ಒರಗಿದ್ದೆ, ಮುಖದಲ್ಲಿ ರಕ್ತವೇ ಇರಲಿಲ್ಲ. "ಶಿವಣ್ಣ, ನೀನು ಮೇಷ್ಟ್ರಾಗಿದ್ದೋನು, ಹಳೇ ಬರಹ ಓದ್ತೀಯ. ತಾತನ ಕಾಲದ ಕಾಗದ ಎಲ್ಲಾ ವಿಂಗಡಿಸಿ ಕೊಟ್ಟುಬುಡಾಣ ಕಣ್ಲಾ, ನಾನಿರೋದ್ರೊಳಗೆ" ಅಂದೆ. ಊರೆಲ್ಲ ನಿನ್ನನ್ನ 'ಬುದ್ಧಿ' ಅನ್ನುತ್ತಿತ್ತು. ಕೆ.ಆರ್. ನಗರದ ಹೈಸ್ಕೂಲಲ್ಲಿ ಒಂದೇ ಬೆಂಚಲ್ಲಿ ಕೂತಿದ್ದಕ್ಕೆ ನಾನೊಬ್ಬ ಮಾತ್ರ ಗೋಪಾಲ ಅಂತ ಕರೀತಿದ್ದೆ. ನಿಮ್ಮ ಗದ್ದೆಯನ್ನ ಗೇಣಿಗೆ ಉತ್ತವರ ಮೊಮ್ಮಗ ನಾನು, ನಿಮ್ಮ ಮನೆಯ ಕಾಗದ ಮುಟ್ಟುವ ಮೊದಲು ಎರಡೆರಡು ಸಲ ಪಂಚೆಗೆ ಕೈ ಒರೆಸಿಕೊಂಡಿದ್ದು ನಿನಗೆ ಕಂಡಿತ್ತಾ?

ಕೆಂಪು ಬಟ್ಟೆಯ ಕಟ್ಟುಗಳನ್ನ ಬಿಚ್ಚಿದಾಗ ಎದ್ದ ದೂಳಿಗೆ ಇಬ್ಬರೂ ಕೆಮ್ಮಿದ್ದೇ ಕೆಮ್ಮಿದ್ದು. ಗೇಣಿ ಚೀಟಿ, ನಾಲೆ ನೀರಿನ ತಕರಾರು, ಹುಣಸೂರಿಂದ ಮರ ತರಿಸಿದ ರಸೀದಿ, ಕುದುರೆಗೆ ಹುರುಳಿ ಕೊಂಡ ಲೆಕ್ಕ. ಒಂದೊಂದು ಓದಿದಾಗಲೂ ನೀನು ನಗುತ್ತಿದ್ದೆ. ಕೊಪ್ಪಲಿನ ಕಟ್ಟು ಬಿಚ್ಚಿದ ದಿನ ಮಾತ್ರ ನಗಲಿಲ್ಲ.

ಅದೇನೂ ಗುಟ್ಟಾಗಿರಲಿಲ್ಲ. ಗೇಣಿ ಹೆಚ್ಚಿಸಬೇಡಿ ಅಂದಿದ್ದಕ್ಕೆ ನಿಮ್ಮ ತಾತ ಊರಾಚೆ ಗೇಣಿದಾರರಿದ್ದ ಕೊಪ್ಪಲಿನ ಗುಡಿಸಲುಗಳನ್ನ ಕೀಳಿಸಿದ್ದು ಮಿರ್ಲೆಯಿಂದ ಸಾಲಿಗ್ರಾಮದವರೆಗೂ ಗೊತ್ತಿತ್ತು. ನನ್ನಜ್ಜಿ ಕೆಂಪಮ್ಮ, ಗಂಡ ಸತ್ತ ಹೆಂಗಸು, ಮಕ್ಕಳನ್ನ ಕಟ್ಟಿಕೊಂಡು ಹಾರನಹಳ್ಳಿ ಕಡೆ ನಡೆದು ಹೋಗಿದ್ದು ಅವಾಗಲೇ. ನೀನು ಒಂದು ಹಾಳೆಯನ್ನ ಬೆಳಕಿಗೆ ಹಿಡಿದೆ. ಆಮೇಲೆ, "ನಿಮ್ಮಜ್ಜಿ ಕಣ್ಲಾ" ಅಂತ ನನ್ನ ಕಡೆ ಚಾಚಿದೆ. 'ಸ್ವಂತ ಖುಷಿಯಿಂದ ಜಾಗ ಬಿಟ್ಟುಕೊಟ್ಟಿದ್ದೇನೆ' ಅಂತ ಯಾರೋ ಬರೆದಿದ್ದರು. ಕೆಳಗೆ ಅವಳ ಹೆಬ್ಬೆಟ್ಟು. ಅಜ್ಜಿಯ ಫೋಟೊ ನಮ್ಮಲ್ಲಿಲ್ಲ, ಅವಳ ಸೀರೆ ಚೂರೂ ಇಲ್ಲ. ಆ ಹೆಬ್ಬೆಟ್ಟಿನ ಮೇಲೆ ನನ್ನ ಬೆರಳಿಟ್ಟೆ. ಎಷ್ಟು ಸಣ್ಣದಿತ್ತು ಗೋಪಾಲ! ನನ್ನ ಡಬ್ಬಾ ಫೋನಲ್ಲಿ ಫೋಟೊ ಬರಲ್ಲ ಅಂದಾಗ, "ಮೈಸೂರಲ್ಲಿ ಚೆನ್ನಾಗಿ ಪ್ರತಿ ತೆಗೆಸಾಣ ಬುಡು" ಅಂದೆ ನೀನು.

ನಿಮ್ಮಕ್ಕ ಲೀಲಮ್ಮಣ್ಣಿ ಬಂದು ಜಗಳ ಆಡಿದ ಮಧ್ಯಾಹ್ನ ನಾನು ಪಕ್ಕದ ಕೋಣೆಯಲ್ಲೇ ಇದ್ದೆ. "ತಾತನ ಮರ್ಯಾದೆ ತೆಗೆಯೋ ಕಾಗದ ಸರ್ಕಾರಕ್ಕೆ ಯಾಕೋ ಕೊಡ್ತೀಯ? ಆ ಕಟ್ಟು ತೆಗೆದಿಡು" ಅಂದರು. ನೀನು ದನಿ ಎತ್ತಲಿಲ್ಲ. "ಕೊಟ್ಟರೆ ಇಡಿಯಾಗಿ ಕೊಡ್ತೀನಿ ಅಕ್ಕ. ಆರಿಸಿ ಕೊಟ್ಟರೆ ಅದು ಸುಳ್ಳಾಗುತ್ತೆ." ಆಮೇಲೆ ಅವರು ನಿನ್ನನ್ನ ನೋಡೋಕೆ ಬಂದಿದ್ದು ಆಸ್ಪತ್ರೆಗೆ, ನಿನಗೆ ಪ್ರಜ್ಞೆ ಇಲ್ಲದಾಗ.

ನಿನ್ನ ತಿಥಿ ಮುಗಿದ ಮೇಲೆ ಕಾಗದ ಸಾಗಿಸೋಕೆ ಬಂದೆ. ಆ ಕಟ್ಟು ಇರಲಿಲ್ಲ. ಬಚ್ಚಲ ಒಲೆ ಬಾಯಲ್ಲಿ ಅರೆಸುಟ್ಟ ಕೆಂಪು ಬಟ್ಟೆ ಬಿದ್ದಿತ್ತು. ಲೀಲಮ್ಮಣ್ಣಿ ಬಾಗಿಲಲ್ಲೇ ನಿಂತಿದ್ದರು. "ಏನು ಬೇಕಾದ್ರೂ ಕೇಳು ಶಿವಣ್ಣ. ಅದೊಂದು ಕೇಳಬೇಡ."

"ನಮ್ಮಜ್ಜಿದು ಅದೊಂದೇ ಇತ್ತು ಅಮ್ಮಣ್ಣಿ" ಅಂದೆ.

"ನಿಮ್ಮಜ್ಜಿದು?" ಅಂದರು. ಹೆಬ್ಬೆಟ್ಟಿನ ವಿಷಯ ಹೇಳಿದೆ. ಅವರು ಹೊಸ್ತಿಲ ಮೇಲೇ ಕೂತು, "ಏನು ಹೆಸರು?" ಅಂತ ಕೇಳಿದರು. ಕೆಂಪಮ್ಮ ಅಂದೆ. ಬೈಯೋಣ ಅನ್ನಿಸಿತು ಕಣೋ. ಬದಲಿಗೆ ಒಲೆಗೆ ಕೈ ಹಾಕಿ ಕೆದಕಿದೆ. ಬೂದಿ ಆಗಲೇ ತಣ್ಣಗಾಗಿತ್ತು.

ಮೊನ್ನೆ ಮೈಸೂರಿಗೆ ಹೊರಟಾಗ, ಕರೆಯದಿದ್ದರೂ ಬಂದು ವ್ಯಾನ್ ಹತ್ತಿದರು. ಪತ್ರಾಗಾರದ ಹುಡುಗಿ ಎಲ್ಲ ಬರೆದುಕೊಂಡು, "ಇಷ್ಟೇನಾ ಮೇಡಂ? ಪೂರ್ತಿ ಇದೆಯಾ?" ಅಂದಳು.

"ಇಲ್ಲ" ಅಂದರು ನಿಮ್ಮಕ್ಕ. "ಇನ್ನೊಂದು ಕಟ್ಟಿತ್ತು. ನಮ್ಮ ತಾತ ಬಡವರ ಗುಡಿಸಲು ಕೀಳಿಸಿದ ಕಾಗದ. ನಾನೇ ಸುಟ್ಟೆ. ಹಾಗೇ ಬರ್ಕೊಳ್ಳಮ್ಮ, ನನ್ನ ಹೆಸರು ಹಾಕು."

ಹುಡುಗಿ ಪೆನ್ನು ಎತ್ತಿಕೊಂಡು ನನ್ನ ಮುಖ ನೋಡಿದಳು. ನಿಮ್ಮಕ್ಕನೂ ನನ್ನ ಕಡೆ ತಿರುಗಿ, "ಅದರಲ್ಲಿದ್ದೋರ ಹೆಸರು ಇವರು ಹೇಳ್ತಾರೆ" ಅಂದರು. ನೆನಪಿದ್ದಷ್ಟು ಹೇಳಿದೆ. ಅಜ್ಜಿಯ ಹೆಸರು ನಾನು ಹೇಳೋ ಮೊದಲೇ ಅವರೇ "ಕೆಂಪಮ್ಮ" ಅಂತ ಬರೆಸಿದರು.

ನೀನಿದ್ದಿದ್ದರೆ ಏನನ್ನುತ್ತಿದ್ದೆಯೋ... ಅಕ್ಕನನ್ನ ತಬ್ಬಿಕೊಳ್ಳುತ್ತಿದ್ದೆಯಾ? ನನಗಂತೂ ಆಗಲಿಲ್ಲ. ಇಂದಿಗೂ ಆ ಬಚ್ಚಲ ಕಡೆ ನೋಡಿದರೆ ಹೊಟ್ಟೆ ಉರಿಯುತ್ತೆ.

ವಾಪಸು ಬರುವಾಗ ಬಿಳಿಕೆರೆ ದಾಟಿದ ಮೇಲೆ ಕಿಟಕಿ ಕಡೆ ಮುಖ ಮಾಡಿಕೊಂಡೇ ಕೇಳಿದರು, "ಆ ಕೊಪ್ಪಲು ಎಲ್ಲಿತ್ತು ಶಿವಣ್ಣ? ಒಂದ್ಸಲ ನೋಡ್ಬೇಕು."

ನಾಳೆ ಬೆಳಗ್ಗೆ ಕರಕೊಂಡು ಹೋಗ್ತೀನಿ ಗೋಪಾಲ. ಅಲ್ಲಿ ಈಗ ಕಬ್ಬಿನ ಗದ್ದೆ ಬಿಟ್ಟು ಏನೂ ಇಲ್ಲ ಅಂತ ಅವರಿಗೆ ಇನ್ನೂ ಹೇಳಿಲ್ಲ.

ನಿನ್ನ,
ಶಿವಣ್ಣ